ಚಿಕ್ಕ ಸಿಸಿಯ ಡ್ಯುಯಲ್ ಸ್ಪೋರ್ಟ್ ಬೈಕ್: ಹೊಸ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಡಾಂಬರೂ ಬೇಕು, ಮಣ್ಣುದಾರಿಯೂ ಬೇಕು ಎಂದು 200ರಿಂದ 300 ಸಿಸಿಯ ಡ್ಯುಯಲ್ ಸ್ಪೋರ್ಟ್ ಬೈಕ್ ಕೊಳ್ಳಲು ಹೊರಟವರು, ಕೊಂಡು ಕೆಲವು ತಿಂಗಳಾದವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಕೇಳುವ ಪ್ರಶ್ನೆಗಳು ಇವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು. ನನ್ನ ಒಲವನ್ನು ಈಗಲೇ ಹೇಳಿಬಿಡುತ್ತೇನೆ: ಹೊಸಬರು ಸಿಸಿ ನೋಡುವುದಕ್ಕಿಂತ ಮೊದಲು ತೂಕ ನೋಡಬೇಕು. ಕೆಳಗಿನ ಹಲವು ಉತ್ತರಗಳು ಈ ನಂಬಿಕೆಯಿಂದಲೇ ಹುಟ್ಟಿವೆ.

## ಕೊಳ್ಳುವ ಮುನ್ನ

ಡ್ಯುಯಲ್ ಸ್ಪೋರ್ಟ್ ಅಂದರೆ ಏನು? ಡರ್ಟ್ ಬೈಕ್, ಅಡ್ವೆಂಚರ್ ಬೈಕ್ ಎಲ್ಲ ಒಂದೇ ಅಲ್ಲವಾ?

ಅಲ್ಲ. ಡರ್ಟ್ ಬೈಕಿಗೆ ಸಾಮಾನ್ಯವಾಗಿ ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ ಇರುವುದಿಲ್ಲ, ರಸ್ತೆಗೆ ನೋಂದಣಿಯೂ ಆಗುವುದಿಲ್ಲ. ಅದನ್ನು ಬೇರೆ ವಾಹನದಲ್ಲಿ ಹೇರಿಕೊಂಡು ಹೋಗಿ ಮಣ್ಣಿನಲ್ಲಿ ಇಳಿಸಬೇಕು. ಅಡ್ವೆಂಚರ್ ಬೈಕ್ ದೂರ ಪ್ರಯಾಣಕ್ಕೆ ಹುಟ್ಟಿದ್ದು. ದೊಡ್ಡ ಟ್ಯಾಂಕ್, ಗಾಳಿ ತಡೆಯುವ ಗಾಜು, ಲಗೇಜಿಗೆ ಜಾಗ ಎಲ್ಲ ಇರುತ್ತದೆ, ತೂಕವೂ ಅದಕ್ಕೆ ತಕ್ಕಂತೆ ಏರುತ್ತದೆ. ಸಾವಿರ ಸಿಸಿ ಮೀರಿದವು 240 ಕೆಜಿ ದಾಟುವುದು ಮಾಮೂಲಿ.

ಇವೆರಡರ ನಡುವೆ ನಿಲ್ಲುವುದೇ ಡ್ಯುಯಲ್ ಸ್ಪೋರ್ಟ್. ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಯಲ್ಲಿ ಹೋಗುತ್ತದೆ, ದಾರಿ ಮುಗಿದಲ್ಲಿ ಮಣ್ಣಿಗೂ ಇಳಿಯುತ್ತದೆ. ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ಚಕ್ರ, ಉದ್ದನೆಯ ಸಸ್ಪೆನ್ಷನ್, ಎತ್ತರದ ಸೀಟು, ಕಿರಿದಾದ ಮೈ ಇದರ ಗುರುತು. 1968ರಲ್ಲಿ ಬಂದ ಯಮಹಾ ಡಿಟಿ-1, 246 ಸಿಸಿಯ ಟೂ-ಸ್ಟ್ರೋಕ್ ಗಾಡಿ, ಈ ಬಗೆಯನ್ನು ಜನಪ್ರಿಯ ಮಾಡಿತು. ಅಂದರೆ ಈ ಕುಲವೇ ಚಿಕ್ಕ ಎಂಜಿನ್‌ನಿಂದ ಬೆಳೆದದ್ದು.

200 ಸಿಸಿ ಸಾಕಾ? ಆರು ತಿಂಗಳಲ್ಲಿ ಬೇಜಾರಾಗಲ್ವಾ?

ನೀವು ಹೆಚ್ಚಾಗಿ ಹೆದ್ದಾರಿಯಲ್ಲೇ ಓಡಿಸುವವರಾದರೆ ಬೇಜಾರಾಗುತ್ತದೆ. ಮಣ್ಣಿನಲ್ಲಿ ಓಡಿಸುವವರಾದರೆ ಆಗುವುದಿಲ್ಲ. ಸಡಿಲ ನೆಲದಲ್ಲಿ ಎಂಜಿನ್ನಿನ ಬಲಕ್ಕೆ ಮೊದಲು ಮಿತಿ ಹಾಕುವುದು ಟಯರಿನ ಹಿಡಿತ, ಆಮೇಲೆ ಸವಾರನ ಕೈ. ಹತ್ತೊಂಬತ್ತು ಇಪ್ಪತ್ತು ಎಚ್‌ಪಿಯನ್ನು ಪೂರ್ತಿ ನೆಲಕ್ಕಿಳಿಸಲು ಬರುವ ಹೊತ್ತಿಗೆ ನೀವು ಒಳ್ಳೆಯ ಸವಾರರಾಗಿರುತ್ತೀರಿ. ದೊಡ್ಡ ಎಂಜಿನ್ ಹೊಸಬರ ತಪ್ಪನ್ನು ಎಕ್ಸಿಲರೇಟರಿನ ಒಂದು ತಿರುವಿನಲ್ಲಿ ಮುಚ್ಚಿಹಾಕುತ್ತದೆ, ಇಲ್ಲವೇ ಆ ತಪ್ಪಿಗೆ ನೆಲಕ್ಕೆ ಕೆಡವುತ್ತದೆ. ಎರಡರಲ್ಲೂ ಕಲಿಕೆ ಕಡಿಮೆ. ಚಿಕ್ಕ ಎಂಜಿನ್ ಹಾಗಲ್ಲ. ಯಾವ ಗೇರಿನಲ್ಲಿ ಇರಬೇಕು, ಏರಿನ ಬುಡದಲ್ಲಿ ಎಷ್ಟು ವೇಗ ಇರಬೇಕು ಎಂದು ಪ್ರತಿ ಸಲ ಯೋಚಿಸುವಂತೆ ಮಾಡುತ್ತದೆ.

ಒಂದು ಮಾತು ನೆನಪಿರಲಿ: ಟರ್ಬೊ ಇಲ್ಲದ ಯಾವ ಎಂಜಿನ್ನಾದರೂ ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಏರಿದಂತೆ ಹೆಚ್ಚುಕಡಿಮೆ ಶೇ 10ರಷ್ಟು ಬಲ ಕಳೆದುಕೊಳ್ಳುತ್ತದೆ. ತುಂಬಾ ಎತ್ತರದ ಬೆಟ್ಟಸೀಮೆಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸುವ ಯೋಚನೆ ಇದ್ದರೆ 200 ಬಿಟ್ಟು 300ರ ಹತ್ತಿರ ಹೋಗುವುದು ಮೇಲು.

ತೂಕ ತೂಕ ಅಂತೀರಲ್ಲ, ಹತ್ತು ಕೆಜಿ ಆಕಡೆ ಈಕಡೆ ಆದರೆ ಏನಂತೆ?

ಗಾಡಿ ನಿಂತಿರುವಾಗ ಏನೂ ಇಲ್ಲ. ಬಿದ್ದಾಗ ಗೊತ್ತಾಗುತ್ತದೆ.

ಮಣ್ಣಿನಲ್ಲಿ ಕಲಿಯುವವರು ಬೀಳುತ್ತಾರೆ. ಬಹುಪಾಲು ಬೀಳುವುದು ನಿಂತಲ್ಲೇ ಅಥವಾ ನಡಿಗೆಯ ವೇಗದಲ್ಲಿ. ಹಾಗೆ ಬಿದ್ದಾಗ ಮೈಗೆ ಹೆಚ್ಚೇನೂ ಆಗುವುದಿಲ್ಲ, ಆದರೆ ಗಾಡಿ ಎತ್ತಬೇಕು. ಒಂದು ಸಲ ಎತ್ತುವುದು ಯಾರಿಗಾದರೂ ಸಾಧ್ಯ. ಬಿಸಿಲಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಏರಿನ ಮಧ್ಯದಲ್ಲಿ ಐದನೇ ಸಲ ಎತ್ತುವುದು ಬೇರೆಯೇ ಮಾತು. ದಣಿದ ಸವಾರ ಮತ್ತೆ ಬೇಗ ಬೀಳುತ್ತಾನೆ, ಆಗ ಪೆಟ್ಟಾಗುತ್ತದೆ. ಅದಕ್ಕೇ ಹಗುರ ಗಾಡಿಯನ್ನು ನಾನು ಸುರಕ್ಷತೆಯ ಲೆಕ್ಕಕ್ಕೆ ಸೇರಿಸುತ್ತೇನೆ.

ಯಮಹಾ ಟಿಡಬ್ಲ್ಯೂ 200 ಸುಮಾರು 127 ಕೆಜಿ, ಹೊಂಡಾ ಸಿಆರ್‌ಎಫ್ 300ಎಲ್ ಸುಮಾರು 142 ಕೆಜಿ, ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 159 ಕೆಜಿ. ಎಂಜಿನ್ ಚಿಕ್ಕದಾದ ಮಾತ್ರಕ್ಕೆ ಗಾಡಿ ಹಗುರವಾಗಿರುವುದಿಲ್ಲ ಅನ್ನುವುದು ಇಷ್ಟರಲ್ಲೇ ಕಾಣುತ್ತದೆ. ಅಂಗಡಿಯಲ್ಲಿ ವಿಚಾರಿಸುವಾಗ ಪೆಟ್ರೋಲ್ ತುಂಬಿದ ತೂಕವನ್ನೇ ಕೇಳಿ. ಸಾಧ್ಯವಾದರೆ ಅದೇ ಮಾದರಿ ಇಟ್ಟುಕೊಂಡಿರುವ ಗೆಳೆಯರನ್ನು ಒಪ್ಪಿಸಿ, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಒಬ್ಬರೇ ಎತ್ತಿ ನೋಡಿ. ಅರ್ಧ ಗಂಟೆ ಟೆಸ್ಟ್ ರೈಡ್ ಹೇಳದ ಸಂಗತಿಯನ್ನು ಆ ಒಂದು ನಿಮಿಷ ಹೇಳುತ್ತದೆ.

ನನ್ನ ಎತ್ತರ ಐದಡಿ ಮೂರು ಇಂಚು. ಕಾಲು ನೆಲಕ್ಕೆ ಎಟುಕಲ್ಲ. ಈ ಆಸೆ ಬಿಟ್ಟುಬಿಡಲಾ?

ಬಿಡಬೇಡಿ. ಎರಡೂ ಪಾದ ಪೂರ್ತಿ ಊರಲೇಬೇಕು ಅನ್ನುವುದು ಕಮ್ಯೂಟರ್ ಬೈಕಿನ ಅಭ್ಯಾಸ. ಡ್ಯುಯಲ್ ಸ್ಪೋರ್ಟಿನಲ್ಲಿ ಒಂದು ಕಾಲಿನ ಮುಂಪಾದ ಗಟ್ಟಿಯಾಗಿ ಊರಿದರೆ ಸಾಕು. ನಿಲ್ಲಿಸುವ ಮೊದಲೇ ಸೀಟಿನ ಮೇಲೆ ಸೊಂಟವನ್ನು ಎಡಕ್ಕೆ ಸರಿಸಿ, ಎಡಗಾಲು ಇಳಿಸಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೇ ಇಟ್ಟುಕೊಳ್ಳುವುದನ್ನು ಸಮತಟ್ಟು ನೆಲದಲ್ಲಿ ರೂಢಿ ಮಾಡಿಕೊಳ್ಳಿ. ನಿಲ್ಲಿಸುವ ಜಾಗವನ್ನು ಮುಂಚೆಯೇ ಆರಿಸಿಕೊಳ್ಳುವುದೂ ಇದರದೇ ಭಾಗ: ಕಾಲಿಡುವ ಕಡೆ ಗುಂಡಿ ಇರಬಾರದು.

ಸೀಟಿನ ಎತ್ತರದ ಅಂಕಿ ಪೂರ್ತಿ ಸತ್ಯ ಹೇಳುವುದಿಲ್ಲ. ಸಿಆರ್‌ಎಫ್ 300ಎಲ್ 880 ಮಿಮೀ ಎಂದಿದ್ದರೂ ಸೀಟು ಕಿರಿದು, ಕೂತಾಗ ಮೆತ್ತನೆಯ ಸಸ್ಪೆನ್ಷನ್ ಸಾಕಷ್ಟು ತಗ್ಗುತ್ತದೆ. ಅಷ್ಟೇ ಎತ್ತರದ ಅಗಲ ಸೀಟು ತೊಡೆಗಳನ್ನು ದೂರ ಮಾಡಿ ಕಾಲು ಎಟುಕದಂತೆ ಮಾಡುತ್ತದೆ. ತಗ್ಗು ಸೀಟೇ ಬೇಕೆಂದರೆ ಟಿಡಬ್ಲ್ಯೂ 200 ಸುಮಾರು 790 ಮಿಮೀ, ಎಕ್ಸ್‌ಪಲ್ಸ್ 200 825 ಮಿಮೀ.

ಸೀಟಿನ ಫೋಮ್ ಕತ್ತರಿಸಿ ತೆಳುವಾಗಿಸಬಹುದು. ಹಿಂದೆ ಗಾಡಿಯನ್ನು ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿದರೆ ಗ್ರೌಂಡ್ ಕ್ಲಿಯರೆನ್ಸ್ ಕಡಿಮೆಯಾಗುತ್ತದೆ, ಮುಂದಿನ ಫೋರ್ಕನ್ನೂ ಅದಕ್ಕೆ ಸರಿಯಾಗಿ ಇಳಿಸಬೇಕಾಗುತ್ತದೆ, ಸೈಡ್ ಸ್ಟ್ಯಾಂಡೂ ಉದ್ದವಾಗಿಬಿಡುತ್ತದೆ. ಮೊದಲ ಮೂರು ತಿಂಗಳು ಏನನ್ನೂ ಬದಲಿಸದೆ ಓಡಿಸಿ ನೋಡಿ ಎಂದೇ ನನ್ನ ಸಲಹೆ. ಬಹಳಷ್ಟು ಮಂದಿಗೆ ಆಮೇಲೆ ಅದರ ಅಗತ್ಯವೇ ಕಾಣುವುದಿಲ್ಲ.

ಹೆದ್ದಾರಿಯಲ್ಲಿ ಇದರಲ್ಲಿ ದೂರ ಹೋಗಬಹುದಾ?

ಹೋಗಬಹುದು, ನಿಧಾನಕ್ಕೆ. 200 ಸಿಸಿಯ ಗಾಡಿಗೆ ಗಂಟೆಗೆ 80ರ ಆಸುಪಾಸು ನೆಮ್ಮದಿಯ ವೇಗ, 300ರ ಹತ್ತಿರದ್ದಕ್ಕೆ 100ರವರೆಗೆ. ಅದಕ್ಕೂ ಮೇಲೆ ಹೋಗುತ್ತದೆ, ಆದರೆ ಎದುರುಗಾಳಿ ಬಂದರೆ, ಏರು ಸಿಕ್ಕರೆ ಬಲ ಉಳಿದಿರುವುದಿಲ್ಲ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಬಲ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋಗಲು ಹೆಚ್ಚುಕಡಿಮೆ ಎರಡರಷ್ಟು ಬಲ ಬೇಕು. ನೆಟ್ಟಗೆ ಕೂರುವ ಭಂಗಿಯಲ್ಲಿ ಎದೆಗೆ ಬಡಿಯುವ ಗಾಳಿ, ಕಿರಿದಾದ ಸೀಟು ಬೇರೆ. ಗಂಟೆಗೊಮ್ಮೆ ಇಳಿದು ಕಾಲಾಡಿಸಿದರೆ ಇಡೀ ದಿನ ಓಡಿಸಬಹುದು.

ಟ್ಯಾಂಕಿನ ಅಳತೆ ನೋಡಲು ಮರೆಯಬೇಡಿ. ಸಿಆರ್‌ಎಫ್ 300ಎಲ್‌ನದು 7.8 ಲೀಟರ್, ಅದರ ರ‍್ಯಾಲಿ ಮಾದರಿಯದು 12.8, ಎಕ್ಸ್‌ಪಲ್ಸ್ 200ರದು 13. ಬಂಕುಗಳು ದೂರ ದೂರ ಇರುವ ಕಡೆ ಈ ವ್ಯತ್ಯಾಸ ದೊಡ್ಡದು.

ಸೆಕೆಂಡ್ ಹ್ಯಾಂಡ್ ತಗೊಂಡರೆ ಏನೇನು ನೋಡಬೇಕು?

ಮೊದಲ ಗಾಡಿಯಾಗಿ ಹಳೆಯದನ್ನು ಕೊಳ್ಳುವುದು ಒಳ್ಳೆಯ ನಿರ್ಧಾರ. ಆಗಲೇ ಗೀರು ಬಿದ್ದಿರುತ್ತದೆ, ನಿಮ್ಮ ಕೈಯಲ್ಲಿ ಇನ್ನೊಂದು ಬಿದ್ದರೂ ಎದೆ ಒಡೆಯುವುದಿಲ್ಲ. ಪ್ಲಾಸ್ಟಿಕ್ಕಿನ ಗೀರು, ಹ್ಯಾಂಡ್‌ಗಾರ್ಡಿನ ಸವೆತ ಲೆಕ್ಕಕ್ಕಿಲ್ಲ. ಎಂಜಿನ್ನಿನ ತಳ ಕಾಯುವ ಸ್ಕಿಡ್ ಪ್ಲೇಟಿನ ಹಿಂದೆ ಎಂಜಿನ್ ಕೇಸ್ ಬಿರುಕು ಬಿಟ್ಟಿದೆಯೇ, ಬೆಸುಗೆ ಹಾಕಿದ್ದಾರೆಯೇ ನೋಡಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ತಿರುಗಿಸಿ. ನಡುವಿನಲ್ಲಿ ಒಂದು ಕಡೆ ಸಿಕ್ಕಿಕೊಂಡಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಚಕ್ರ ಹಿಡಿದು ಅಡ್ಡ ಅಲುಗಿಸಿದಾಗ ಆಟ ಇದ್ದರೆ ಚಕ್ರದ ಬೇರಿಂಗ್. ಫೋರ್ಕಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಸೋರುತ್ತಿದೆ.

ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿಸಿ ನೋಡಿ. ಫಿಲ್ಟರಿನ ಆಚೆ, ಎಂಜಿನ್ ಕಡೆಯ ಕೊಳವೆಯಲ್ಲಿ ಬೆರಳಾಡಿಸಿದಾಗ ಧೂಳು ಹತ್ತಿದರೆ ಆ ಗಾಡಿ ಬೇಡ. ಒಳಗೆ ಹೋದ ಧೂಳು ಪಿಸ್ಟನ್ ರಿಂಗನ್ನು, ಸಿಲಿಂಡರನ್ನು ಉಜ್ಜಿ ತಿಂದಿರುತ್ತದೆ.

ಹೆಲ್ಮೆಟ್ ಇದೆ. ಇನ್ನೇನು ಬೇಕು?

ಬೂಟು. ಮಣ್ಣಿನಲ್ಲಿ ಗಾಡಿ ಅಡ್ಡ ಬಿದ್ದಾಗ ಅಡಿಗೆ ಸಿಗುವುದು ಪಾದ, ಕಣಕಾಲು. ಸಾಮಾನ್ಯ ಶೂ, ಟ್ರೆಕ್ಕಿಂಗ್ ಬೂಟು ಈ ತಿರುಚುವ ಬಲವನ್ನು ತಡೆಯುವುದಿಲ್ಲ. ಬೈಕ್ ಬೂಟಿಗೆ ಯುರೋಪಿನ ಮಾನದಂಡವಾದ ಇಎನ್ 13634 ಗುರುತಿನ, ಮೀನಖಂಡದವರೆಗೆ ಬರುವ ಗಟ್ಟಿ ಬೂಟು ಕೊಳ್ಳಿ. ಆಮೇಲೆ ಇಎನ್ 1621-1 ಗುರುತಿನ ಮೊಣಕಾಲು, ಮೊಣಕೈ ರಕ್ಷೆ, ಗ್ಲೌಸ್, ಎದೆ ಮತ್ತು ಬೆನ್ನಿನ ರಕ್ಷೆ. ಹೆಲ್ಮೆಟ್ಟಿಗೆ ಯುರೋಪಿನ ಮಾನದಂಡ ಇಸಿಇ 22.06 ಈಗಿನ ಮಟ್ಟ. ಮುಂದೆ ಚಾಚಿದ ಪೀಕ್ ಇರುವ ಹೆಲ್ಮೆಟ್ ಬಿಸಿಲಿಗೆ, ಎರಚುವ ಮಣ್ಣಿಗೆ ಒಳ್ಳೆಯದು, ಹೆದ್ದಾರಿಯಲ್ಲಿ ಮಾತ್ರ ಗಾಳಿ ಹಿಡಿದು ಕತ್ತು ನೋಯಿಸುತ್ತದೆ.

ಗಾಡಿಗೆ ಹಾಕಿಸುವ ಸಾಮಾನಿಗಿಂತ ಮೈಮೇಲೆ ಹಾಕಿಕೊಳ್ಳುವ ಸಾಮಾನಿಗೆ ಮೊದಲು ಖರ್ಚು ಮಾಡಿ. ಈ ಮಾತಿನಲ್ಲಿ ನಾನು ಬಗ್ಗುವುದಿಲ್ಲ.

## ಮಣ್ಣಿಗೆ ಇಳಿದ ಮೇಲೆ

ಯಾವಾಗಲೂ ನಿಂತುಕೊಂಡೇ ಓಡಿಸಬೇಕಾ?

ಯಾವಾಗಲೂ ಅಲ್ಲ. ನೆಲ ಏರುಪೇರಾದಾಗ ನಿಲ್ಲಿ, ನುಣುಪಾದಾಗ ಕೂರಿ. ಕೂತಿದ್ದರೆ ಹಿಂಚಕ್ರ ಕಲ್ಲು ಹತ್ತಿದಾಗ ಸೀಟು ನಿಮ್ಮನ್ನು ಎತ್ತಿ ಒಗೆಯುತ್ತದೆ, ಕೈ ತಾನಾಗಿ ಎಕ್ಸಿಲರೇಟರ್ ತಿರುವುತ್ತದೆ. ನಿಂತಿದ್ದರೆ ಗಾಡಿ ಕಾಲ ಕೆಳಗೆ ಕುಣಿದುಕೊಳ್ಳುತ್ತದೆ, ಮೈ ಹೆಚ್ಚು ಅಲುಗುವುದಿಲ್ಲ. ಕಣ್ಣಿನ ಮಟ್ಟ ಏರುವುದರಿಂದ ಮುಂದಿನ ದಾರಿಯೂ ಹೆಚ್ಚು ಕಾಣುತ್ತದೆ.

ನಿಲ್ಲುವ ಬಗೆ ಹೀಗೆ: ಪಾದದ ನಡುಭಾಗ ಅಥವಾ ಮುಂಪಾದ ಫುಟ್‌ಪೆಗ್ (ಕಾಲಿಡುವ ಗೂಟ) ಮೇಲೆ, ಮಂಡಿ ಸ್ವಲ್ಪ ಬಾಗಿ ಟ್ಯಾಂಕನ್ನು ತಬ್ಬಿರಬೇಕು, ಸೊಂಟದಲ್ಲಿ ಬಾಗಿ ತಲೆ ಹ್ಯಾಂಡಲಿನ ನೇರಕ್ಕೆ ಬರಬೇಕು, ಮೊಣಕೈ ಹೊರಗೆ. ಸರಿಯಾಗಿ ನಿಂತಿದ್ದೀರಾ ಎಂದು ತಿಳಿಯಲು, ಸಮವೇಗದಲ್ಲಿ ಹೋಗುವಾಗ ಬೆರಳುಗಳನ್ನು ಸಡಿಲಿಸಿ ನೋಡಿ. ಮೈ ಮುಂದಕ್ಕೋ ಹಿಂದಕ್ಕೋ ಬೀಳುವಂತಾದರೆ ಇಷ್ಟು ಹೊತ್ತೂ ಹ್ಯಾಂಡಲಿಗೆ ಜೋತುಬಿದ್ದಿದ್ದಿರಿ ಎಂದರ್ಥ. ಹತ್ತು ನಿಮಿಷಕ್ಕೇ ಮುಂಗೈ ಬಿಗಿದುಕೊಳ್ಳುವವರ ತೊಂದರೆ ಬಹುತೇಕ ಇದೇ.

ತಿರುವಿನಲ್ಲಿ ಡಾಂಬರಿನ ಪಾಠ ತಿರುವುಮುರುವಾಗುತ್ತದೆ. ರಸ್ತೆಯಲ್ಲಿ ಮೈ ಗಾಡಿಯ ಜೊತೆ ಒಳಕ್ಕೆ ವಾಲುತ್ತದೆ. ಸಡಿಲ ಮಣ್ಣಿನ ನಿಧಾನ ತಿರುವಿನಲ್ಲಿ ಗಾಡಿಯನ್ನು ಮಾತ್ರ ಒಳಕ್ಕೆ ವಾಲಿಸಿ, ಮೈಯನ್ನು ಮೇಲೆ ನೆಟ್ಟಗೆ ಉಳಿಸಿ, ಹೊರಗಿನ ಫುಟ್‌ಪೆಗ್ಗನ್ನು ಒತ್ತಬೇಕು. ಭಾರ ಟಯರಿನ ಮೇಲೆ ನೇರವಾಗಿ ಬಿದ್ದು ಹಿಡಿತ ಉಳಿಯುತ್ತದೆ. ಖಾಲಿ ಮೈದಾನದಲ್ಲಿ ಎರಡು ಕಲ್ಲಿಟ್ಟು ಎಂಟರ ಆಕಾರದಲ್ಲಿ ಸುತ್ತುತ್ತಾ ಇದನ್ನು ಕಲಿಯಬಹುದು. ದಾರಿಯಲ್ಲಿ ಮೈಲಿಗಟ್ಟಲೆ ಓಡಿಸಿ ಕಲಿಯುವುದಕ್ಕಿಂತ ಇದು ಬೇಗ ಕೈಗೂಡುತ್ತದೆ.

ಜಲ್ಲಿ ಮೇಲೆ ಮುಂದಿನ ಬ್ರೇಕ್ ಮುಟ್ಟಲೇಬಾರದು ಅಂತಾರೆ. ನಿಜವಾ?

ಈ ಸಲಹೆ ಬಹಳ ಜನರನ್ನು ಕೆಡಿಸಿದೆ. ಜಲ್ಲಿಯ ಮೇಲೂ ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಅದನ್ನು ತಟ್ಟನೆ ಹಿಂಡಬಾರದು, ಹ್ಯಾಂಡಲ್ ತಿರುಗಿರುವಾಗ ಒತ್ತಬಾರದು, ಅಷ್ಟೇ. ಒಂದೋ ಎರಡೋ ಬೆರಳಲ್ಲಿ ಮೆಲ್ಲಗೆ ಹಿಡಿತ ಏರಿಸುತ್ತಾ ಹೋಗಿ. ಚಕ್ರ ಜಾರಿತು ಅನ್ನಿಸಿದ ಕ್ಷಣ ಬಿಡಿ, ಮತ್ತೆ ಹಿಡಿಯಿರಿ. ಗಂಟೆಗೆ 20 ಕಿಮೀ ವೇಗದಲ್ಲಿ, ನೇರ ದಾರಿಯಲ್ಲಿ ಬೇಕೆಂದೇ ಇದನ್ನು ಅಭ್ಯಾಸ ಮಾಡಿ.

ಹಿಂಚಕ್ರ ಲಾಕ್ ಆಗಿ ಸ್ವಲ್ಪ ಜಾರುವುದು ಮಣ್ಣಿನಲ್ಲಿ ಸಹಜ, ಹಲವು ಕಡೆ ಉಪಯೋಗಕ್ಕೂ ಬರುತ್ತದೆ. ಅದಕ್ಕೇ ಸಿಆರ್‌ಎಫ್ 300ಎಲ್‌ನಂಥ ಗಾಡಿಗಳಲ್ಲಿ ಹಿಂದಿನ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮಾತ್ರ ಆಫ್ ಮಾಡುವ ಸ್ವಿಚ್ ಇರುತ್ತದೆ. ಕಡಿದಾದ ಇಳಿಜಾರಿನ ಸಡಿಲ ಮಣ್ಣಿನಲ್ಲಿ ಎಬಿಎಸ್ ಬ್ರೇಕನ್ನು ಬಿಡುತ್ತಲೇ ಇರುವುದರಿಂದ ಗಾಡಿ ನಿಲ್ಲದೆ ಜಾರುತ್ತಾ ಹೋಗಬಹುದು. ರಸ್ತೆಗೆ ಮರಳಿದೊಡನೆ ಅದನ್ನು ಆನ್ ಮಾಡಿಕೊಳ್ಳಿ.

ಬಿದ್ದ ಗಾಡಿ ಒಬ್ಬನೇ ಎತ್ತೋದು ಹೇಗೆ?

ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿ. ಎತ್ತುವ ಅವಸರ ಬೇಡ, ಉಸಿರು ಸುಧಾರಿಸಿಕೊಳ್ಳಿ, ಮೈಯಲ್ಲಿ ಎಲ್ಲಾದರೂ ನೋವಿದೆಯೇ ನೋಡಿಕೊಳ್ಳಿ. ಇಳಿಜಾರಿನಲ್ಲಿ ಚಕ್ರ ಮೇಲಕ್ಕೆ, ಹ್ಯಾಂಡಲ್ ಕೆಳಕ್ಕೆ ಆಗಿ ಬಿದ್ದಿದ್ದರೆ ಹಾಗೇ ಎತ್ತಲು ಹೋಗಬೇಡಿ. ನೆಲದ ಮೇಲೇ ಎಳೆದು ತಿರುಗಿಸಿ ಚಕ್ರ ಕೆಳಮುಖವಾಗುವಂತೆ ಮಾಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಿ, ಇಲ್ಲವಾದರೆ ಎತ್ತಿದ ಗಾಡಿ ಆಚೆ ಮಗ್ಗುಲಿಗೆ ಬೀಳುತ್ತದೆ. ಹಿಂದಕ್ಕೆ ಮುಂದಕ್ಕೆ ಉರುಳದಂತೆ ಗೇರಿನಲ್ಲಿರಲಿ.

ಗಾಡಿಗೆ ಮುಖ ಮಾಡಿ, ಹ್ಯಾಂಡಲಿನ ಎರಡೂ ತುದಿ ಹಿಡಿದು, ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಲ್ಲಿ ಏಳಿ. ಎರಡು ಸಲ ಪ್ರಯತ್ನಿಸಿಯೂ ಆಗದಿದ್ದರೆ ಹತ್ತು ನಿಮಿಷ ಕೂತು ನೀರು ಕುಡಿಯಿರಿ.

ಟಯರ್ ಗಾಳಿ ಎಷ್ಟು ಇಳಿಸಬೇಕು?

ರಸ್ತೆಗೆ ಗಾಡಿಯ ಕೈಪಿಡಿ ಹೇಳಿದಷ್ಟೇ ಇರಲಿ. ಮಣ್ಣಿಗೆ, ಮರಳಿಗೆ 18 ಪಿಎಸ್‌ಐ ಹತ್ತಿರ ಇಳಿಸಿದರೆ ಟಯರಿನ ತಳ ಅಗಲವಾಗಿ ಹಿಡಿತ ಹೆಚ್ಚುತ್ತದೆ, ಕೈಗೆ ಕುಲುಕಾಟ ಕಡಿಮೆಯಾಗುತ್ತದೆ. ಚೂಪು ಕಲ್ಲಿನ ದಾರಿಯಾದರೆ ಅಷ್ಟು ಇಳಿಸಬೇಡಿ. ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕ ಟ್ಯೂಬ್ ಎರಡು ಕಡೆ ಕತ್ತರಿಸಿಕೊಳ್ಳುತ್ತದೆ. ಟಯರನ್ನು ರಿಮ್ಮಿಗೆ ಬಿಗಿಹಿಡಿಯುವ ರಿಮ್ ಲಾಕ್ ಇಲ್ಲದ ಚಕ್ರದಲ್ಲಿ ತೀರಾ ಇಳಿಸಿದರೆ ಟಯರ್ ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಹಾಕುತ್ತದೆ. ವಾಲ್ವ್ ಓರೆಯಾಗಿ ಕಂಡರೆ ಅದೇ ಮುನ್ಸೂಚನೆ. ಮರಳಿ ರಸ್ತೆ ಹತ್ತುವ ಮೊದಲು ತುಂಬಿಸಿಕೊಳ್ಳಬೇಕಾದ್ದರಿಂದ ಪಂಪ್ ಇಲ್ಲದೆ ಗಾಳಿ ಇಳಿಸಬಾರದು.

## ಆರೈಕೆ

ರಸ್ತೆ ಬೈಕಿಗಿಂತ ಸರ್ವೀಸ್ ಜಾಸ್ತಿ ಬೇಕಾ?

ಎಂಜಿನ್ನಿಗೆ ಅಷ್ಟೇನಿಲ್ಲ. ಈ ಚಿಕ್ಕ ಎಂಜಿನ್ನುಗಳು ಒತ್ತಡ ಕಡಿಮೆ ಇರುವಂಥವು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಬಹುಕಾಲ ಬಾಳುತ್ತವೆ. ಹೊಸ ಗಾಡಿಯ ಮೊದಲ ಸರ್ವೀಸ್ ಮಾತ್ರ ತಪ್ಪಿಸಬೇಡಿ. ಹೆಚ್ಚಿನ ಕೆಲಸ ಬೀಳುವುದು ಹೊರಮೈಗೆ: ಏರ್ ಫಿಲ್ಟರ್, ಚೈನ್, ಸ್ಪೋಕ್, ಬೋಲ್ಟು.

ಧೂಳಿನ ದಾರಿಯಲ್ಲಿ ಒಂದು ದಿನ ಯಾರದಾದರೂ ಹಿಂದೆ ಹೋದರೆ ಮನೆಗೆ ಬಂದು ಫಿಲ್ಟರ್ ನೋಡಲೇಬೇಕು. ಫೋಮ್ ಫಿಲ್ಟರ್ ಆದರೆ ಅದಕ್ಕೆಂದೇ ಸಿಗುವ ಕ್ಲೀನರಿನಲ್ಲಿ ತೊಳೆದು, ಹಿಂಡದೆ ಒತ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಸಮನಾಗಿ ಹತ್ತಿಸಿ ಕೂರಿಸಿ. ಪೆಟ್ರೋಲಿನಲ್ಲಿ ತೊಳೆಯಬೇಡಿ. ಬೆಂಕಿಯ ಅಪಾಯ ಒಂದು ಕಡೆ, ಫೋಮಿನ ಅಂಟು ಬಿಟ್ಟುಕೊಳ್ಳುವುದು ಇನ್ನೊಂದು ಕಡೆ. ಕೆಲವು ಗಾಡಿಗಳಲ್ಲಿ ಎಣ್ಣೆ ಹೀರಿದ ಕಾಗದದ ಫಿಲ್ಟರ್ ಇರುತ್ತದೆ. ಅದನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಿಸುವುದೊಂದೇ ದಾರಿ.

ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಟಿಣ್ ಎನ್ನಬೇಕು. ವೀಣೆಯ ತಂತಿಯಂತೆ ಸಡಿಲವಾದದ್ದು ತಾನೇ ಅಪಸ್ವರ ನುಡಿಯುತ್ತದೆ. ಹೊಸ ಚಕ್ರದಲ್ಲಿ ಮೊದಲ ಕೆಲವು ಸವಾರಿಗಳಲ್ಲೇ ಸ್ಪೋಕ್ ಸಡಿಲವಾಗುವುದು ಸಾಮಾನ್ಯ.

ಚೈನ್ ಲೂಸಾಗಿ ಕಾಣುತ್ತೆ, ಮೆಕ್ಯಾನಿಕ್ ಬಿಗಿ ಮಾಡಿಕೊಟ್ಟ. ಸರಿನಾ?

ಅಳತೆ ನೋಡದೆ ಬಿಗಿ ಮಾಡಿದ್ದರೆ ಸರಿಯಲ್ಲ. ಉದ್ದ ಸಸ್ಪೆನ್ಷನ್ ಇರುವ ಗಾಡಿಯ ಚೈನ್ ರಸ್ತೆ ಬೈಕಿನದಕ್ಕಿಂತ ಸಡಿಲವಾಗಿ ಕಾಣಲೇಬೇಕು. ಸಸ್ಪೆನ್ಷನ್ ತಗ್ಗುತ್ತಾ ಹೋದಂತೆ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ (ಹಿಂಚಕ್ರ ಹಿಡಿದಿರುವ ತೋಳು) ತಿರುಗಣೆ, ಹಿಂದಿನ ಆಕ್ಸಲ್ ಮೂರೂ ಒಂದೇ ನೇರಕ್ಕೆ ಬರುವ ಒಂದು ಘಟ್ಟ ಇದೆ. ಚೈನ್ ಅತಿ ಬಿಗಿಯಾಗುವುದು ಅಲ್ಲೇ. ನಿಂತ ಗಾಡಿಯಲ್ಲಿ ಬಿಗಿ ಮಾಡಿಟ್ಟರೆ ದೊಡ್ಡ ಗುಂಡಿಗೆ ಬಿದ್ದಾಗ ಆ ಘಟ್ಟದಲ್ಲಿ ಚೈನ್ ಎಳೆದುಕೊಂಡು ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗನ್ನು ಹಾಳುಮಾಡುತ್ತದೆ. ಸ್ವಿಂಗ್‌ಆರ್ಮಿನ ಮೇಲೆ ಅಥವಾ ಕೈಪಿಡಿಯಲ್ಲಿ ಎಷ್ಟು ಮಿಲಿಮೀಟರ್ ಎಂದು ಇರುತ್ತದೆ. ಆ ಅಂಕಿಯನ್ನೇ ಮೆಕ್ಯಾನಿಕ್ಕಿಗೂ ತೋರಿಸಿ.

ಕೊಂಡಿಗಳಲ್ಲಿ ರಬ್ಬರ್ ಉಂಗುರ ಇರುವ ಓ-ರಿಂಗ್ ಚೈನನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬಾರದು. ಸೀಮೆಎಣ್ಣೆ, ಮೆದು ಬ್ರಷ್, ಒಣ ಬಟ್ಟೆ ಸಾಕು. ಎಂಜಿನ್ ಓಡುತ್ತಿರುವಾಗ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಮೊದಲು ಯಾವ ಮಾಡಿಫಿಕೇಶನ್ ಮಾಡಿಸಲಿ?

ಹ್ಯಾಂಡ್‌ಗಾರ್ಡ್, ಸ್ಕಿಡ್ ಪ್ಲೇಟ್, ಆಮೇಲೆ ಟಯರ್. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್‌ಗಾರ್ಡ್ ಲಿವರ್‌ಗಳನ್ನೂ ಬೆರಳುಗಳನ್ನೂ ಉಳಿಸುತ್ತದೆ. ಲಿವರ್‌ಗಳ ಕ್ಲ್ಯಾಂಪನ್ನು ತೀರಾ ಬಿಗಿ ಮಾಡದೆ, ಜೋರಾಗಿ ತಳ್ಳಿದರೆ ತಿರುಗುವಷ್ಟು ಬಿಡಿ. ಬಿದ್ದಾಗ ಮುರಿಯುವ ಬದಲು ತಿರುಗಿಕೊಳ್ಳುತ್ತದೆ, ಖರ್ಚಿಲ್ಲದ ಉಪಾಯ.

ಎಕ್ಸಾಸ್ಟ್ ಬದಲಿಸುವುದು ನನಗೆ ಇಷ್ಟವಿಲ್ಲ. ಬಲ ಹೆಚ್ಚೇನೂ ಏರುವುದಿಲ್ಲ, ಸದ್ದು ಏರುತ್ತದೆ. ಕಾಡಿನಂಚಿನ, ಹೊಲದ ಬದಿಯ ದಾರಿಗಳನ್ನು ಬೈಕುಗಳಿಗೆ ಮುಚ್ಚಿಸಲು ಜನ ಮುಂದಾಗುವುದು ಹೆಚ್ಚಾಗಿ ಆ ಸದ್ದಿಗೇ.

ಸ್ಪ್ರಾಕೆಟ್ ಬದಲಿಸಿದರೆ ಏರು ಹತ್ತುತ್ತಾ?

ಹತ್ತುತ್ತದೆ. ಮುಂದಿನ ಸ್ಪ್ರಾಕೆಟ್ಟನ್ನು 14 ಹಲ್ಲಿನಿಂದ 13ಕ್ಕೆ ಇಳಿಸಿದರೆ ಗೇರಿಂಗ್ ಶೇ 7ರಿಂದ 8ರಷ್ಟು ತಗ್ಗುತ್ತದೆ, ಹಿಂದೆ 40 ಹಲ್ಲಿದ್ದಲ್ಲಿ 43 ಹಾಕಿದಂತೆ. ಮೊದಲ ಗೇರಿನಲ್ಲಿ ಕ್ಲಚ್ ಸುಡದೆ ನಡಿಗೆಯ ವೇಗದಲ್ಲಿ ಹೋಗಬಹುದು. ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಮುಂದಿನ ಸ್ಪ್ರಾಕೆಟ್ ಅಗ್ಗದ್ದು, ಬೇಡವಾದರೆ ಹಳೆಯದನ್ನೇ ಹಾಕಿಕೊಳ್ಳಬಹುದು.

## ಕೈ ಪಳಗಿದ ಮೇಲೆ

ಸಸ್ಪೆನ್ಷನ್ ಸ್ಯಾಗ್ ಅಂತಾರಲ್ಲ, ಅದನ್ನ ನಾನೇ ನೋಡಬಹುದಾ?

ನೋಡಬಹುದು. ನೀವು ಕೂತಾಗ ಸಸ್ಪೆನ್ಷನ್ ಎಷ್ಟು ತಗ್ಗುತ್ತದೆ ಅನ್ನುವುದೇ ಸ್ಯಾಗ್, ಅಳೆಯಲು ಒಂದು ಟೇಪು, ಇಬ್ಬರು ಗೆಳೆಯರು ಸಾಕು. ಹಿಂಚಕ್ರ ನೆಲ ಬಿಟ್ಟಿರುವಾಗ ಆಕ್ಸಲಿನಿಂದ ಅದರ ನೇರ ಮೇಲಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಸವಾರಿಯ ಉಡುಪು, ಬೂಟು ಹಾಕಿಕೊಂಡು, ಫುಟ್‌ಪೆಗ್ ಮೇಲೆ ಕಾಲಿಟ್ಟು ಕೂತಾಗ ಮತ್ತೆ ಅಳೆಸಿ. ಒಬ್ಬರು ಗಾಡಿ ಹಿಡಿಯಲಿ, ಇನ್ನೊಬ್ಬರು ಟೇಪು ಹಿಡಿಯಲಿ. ಎರಡರ ವ್ಯತ್ಯಾಸ ಒಟ್ಟು ಚಲನೆಯ ಸುಮಾರು ಮೂರರಲ್ಲೊಂದು ಭಾಗದ ಹತ್ತಿರ ಇದ್ದರೆ ಒಳ್ಳೆಯದು. 260 ಮಿಮೀ ಚಲನೆಯ ಗಾಡಿಗೆ 80 ಮಿಮೀ ಆಸುಪಾಸು. ಹೆಚ್ಚು ತಗ್ಗಿದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಏರಿಸಿ. ಪೂರ್ತಿ ಏರಿಸಿದರೂ ತಗ್ಗುತ್ತಲೇ ಇದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಯಿತು. ಈ ಗಾಡಿಗಳು ಬರುವಾಗಲೇ ಮೆತ್ತಗಿರುವುದು ಹೆಚ್ಚು, ದಪ್ಪ ಮೈಯವರು ಸ್ಪ್ರಿಂಗ್ ಬದಲಿಸಿದರೆ ಗಾಡಿಯೇ ಬೇರೆ ಅನ್ನಿಸುತ್ತದೆ.

ಏರಿನ ಅರ್ಧಕ್ಕೆ ಎಂಜಿನ್ ಆಫ್ ಆಯ್ತು. ಆಗ ಏನು ಮಾಡಬೇಕು?

ಮುಂದಿನ ಬ್ರೇಕ್ ಹಿಡಿಯಿರಿ, ಕ್ಲಚ್ ಬಿಟ್ಟೇ ಇರಿ. ಸಡಿಲ ನೆಲದಲ್ಲಿ ಮುಂದಿನ ಬ್ರೇಕ್ ಒಂದೇ ಗಾಡಿಯನ್ನು ಹಿಡಿದಿಡಲಾರದು, ಮುಂಚಕ್ರ ಲಾಕ್ ಆಗಿಯೇ ಹಿಂದಕ್ಕೆ ಜಾರುತ್ತದೆ. ಗೇರಿನಲ್ಲಿರುವ ಎಂಜಿನ್ ಹಿಂಚಕ್ರಕ್ಕೆ ಬ್ರೇಕಿನಂತೆ ಕೆಲಸ ಮಾಡುತ್ತದೆ. ಅಡ್ಡ ಇಳಿಜಾರಿದ್ದರೆ ಮೇಲಿನ ಮಗ್ಗುಲಿಗೆ ಇಳಿಯಿರಿ, ಗಾಡಿ ಬಿದ್ದರೆ ನಿಮ್ಮಿಂದ ಆಚೆಗೆ ಬೀಳಲಿ. ಆಮೇಲೆ ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಹಿಡಿದು ಬಿಡುತ್ತಾ ಹಿಂಭಾಗವನ್ನು ಒಂದು ಕಡೆಗೆ ಇಳಿಸಿ ಗಾಡಿಯನ್ನು ಅಡ್ಡಕ್ಕೆ ತಂದು, ಅಲ್ಲಿಂದ ಕೆಳಮುಖ ಮಾಡಿ, ಬುಡಕ್ಕೆ ಹೋಗಿ ಮತ್ತೆ ಶುರುಮಾಡಿ. ನಿಂತಲ್ಲಿಂದಲೇ ಎಕ್ಸಿಲರೇಟರ್ ತಿರುವಿ ಮೇಲೆ ಹತ್ತಲು ಹೋದರೆ ಹಿಂಚಕ್ರ ಗುಂಡಿ ತೋಡುತ್ತದೆ, ಇಲ್ಲವೇ ಮುಂಚಕ್ರ ಎದ್ದುಬಿಡುತ್ತದೆ.

ಹತ್ತುವ ಮೊದಲೇ ಇಳಿಯುವ ದಾರಿ ನೋಡಿಕೊಂಡಿರಬೇಕು. ಇಳಿಯಲಾರದ ಏರನ್ನು ಹತ್ತಬೇಡಿ.

ಒಬ್ಬನೇ ಹೋಗೋವಾಗ ಜೊತೆಗೆ ಏನು ಇಟ್ಟುಕೊಳ್ಳಲಿ?

ಪಂಕ್ಚರ್ ಸರಿಮಾಡುವ ಸಾಮಾನು, ಅದನ್ನು ಬಳಸಲು ಬರುವ ಕೈ. ಎರಡು ಮೂರು ಟಯರ್ ಲಿವರ್, ಎರಡೂ ಆಕ್ಸಲಿಗೆ ಹೊಂದುವ ಸ್ಪ್ಯಾನರ್, ಪಂಪ್, ಪ್ಯಾಚ್, 21 ಇಂಚಿನ ಒಂದು ಟ್ಯೂಬ್. ಅದೇ ಟ್ಯೂಬನ್ನು ಅಗತ್ಯ ಬಿದ್ದರೆ ಹಿಂದಿನ 18 ಇಂಚಿನ ಚಕ್ರದಲ್ಲೂ ಮಡಿಸಿ ಕೂರಿಸಿ ಮನೆ ಸೇರಬಹುದು. ಮನೆಯಲ್ಲಿ, ನೆರಳಲ್ಲಿ ಒಂದು ಸಲ ಪೂರ್ತಿ ಬಿಚ್ಚಿ ಹಾಕಿ ಕಲಿತಿರಿ. ಜೊತೆಗೆ ಚೈನಿನ ಒಂದು ಲಿಂಕ್, ಒಂದು ಕ್ಲಚ್ ಲಿವರ್, ಕೇಬಲ್ ಟೈ, ಪ್ರಥಮ ಚಿಕಿತ್ಸೆಯ ಚೀಲ, ಅಂದುಕೊಂಡದ್ದಕ್ಕಿಂತ ಹೆಚ್ಚು ನೀರು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬಾರದಿದ್ದರೆ ಹುಡುಕಬೇಕು ಎಂದು ಒಬ್ಬರಿಗೆ ಹೇಳಿ ಹೊರಡಿ.

ಹಳ್ಳ ದಾಟುವಾಗ ಗಾಡಿ ನೀರಿಗೆ ಬಿತ್ತು. ಸ್ಟಾರ್ಟ್ ಮಾಡಿ ನೋಡಲಾ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಡುವುದಾದರೆ ಇದನ್ನು ಇಡಿ. ಸಿಲಿಂಡರಿನೊಳಗೆ ಹೊಕ್ಕ ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು. ಆಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಕೀ ಆಫ್ ಮಾಡಿ ಗಾಡಿಯನ್ನು ದಡಕ್ಕೆ ತನ್ನಿ. ಏರ್ ಬಾಕ್ಸ್ ತೆರೆದು ಒಳಗಿನ ನೀರು ಚೆಲ್ಲಿ, ಫಿಲ್ಟರ್ ಹಿಂಡದೆ ಒತ್ತಿ ಒಣಗಿಸಿ. ಎಕ್ಸಾಸ್ಟಿನಲ್ಲಿ ನಿಂತ ನೀರು ಇಳಿಯುವಂತೆ ಮುಂಭಾಗವನ್ನು ಎತ್ತಿ ಹಿಡಿಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಗಾಡಿಯನ್ನು ಮೇಲಿನ ಗೇರಿಗೆ ಹಾಕಿ, ಹಿಂಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿ ಹೊರಬರುತ್ತದೆ. ಮುಖ ಅಡ್ಡ ಇಡಬೇಡಿ. ನೀರು ನಿಂತ ಮೇಲೆ ಪ್ಲಗ್ ಒರೆಸಿ ಹಾಕಿ. ಎಂಜಿನ್ ಆಯಿಲ್ ನೋಡುವ ಗಾಜಿನಲ್ಲಿ ಅಥವಾ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೂ ನೀರು ಸೇರಿದೆ. ಅದನ್ನು ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಹೊಸ ಆಯಿಲ್ ಹಾಕಿ ಕೆಲವು ನಿಮಿಷ ಓಡಿಸಿದ ಮೇಲೆ ಮತ್ತೆ ಬೆಳ್ಳಗಾದರೆ ಇನ್ನೊಮ್ಮೆ ಬದಲಿಸಿ, ಬಣ್ಣ ತಿಳಿಯಾಗುವವರೆಗೂ. ಮನೆಗೆ ಬಂದ ಮೇಲೆ ಚಕ್ರದ ಬೇರಿಂಗುಗಳನ್ನು, ಸ್ವಿಂಗ್‌ಆರ್ಮಿನ ಲಿಂಕ್‌ಗಳನ್ನು ಬಿಚ್ಚಿಸಿ ಗ್ರೀಸ್ ಹಾಕಿಸಿ.